ಶ್ರೀ ದಿಂಬಪ್ಪನವರ ಕೊಲೆ ಮತ್ತು ನನ್ನ ಎಡಗಾಲ ಚಪ್ಪಲಿ

ಮೊನ್ನೆ ಬಸವನ ಬಾಗೇವಾಡಿಯಲ್ಲಿ ನಾನೊಂದು ಕೊಲೆ ಮಾಡಿದೆ. ಮೇಲಧಿಕಾರಿಗಳ ಲಿಖಿತ ಆದೇಶದಂತೆ.

ಮೃತರು ಶ್ರೀ ದಿಂಬಪ್ಪನವರು. ಹತ್ತಿ ತುಂಬಿದ ದೇಹ, ಯಾರಿಗೂ ಕೆಟ್ಟದ್ದು ಬಯಸಿದವರಲ್ಲ...

ನಾನು ಫೊರೆನ್ಸಿಕ್ ಲ್ಯಾಬಿನ ಕಿರಿಯ ನೌಕರ. ಬರಿಗಣ್ಣಿಗೆ ಕಾಣದ ಗುರುತುಗಳನ್ನು ವಿಶೇಷ ಟಾರ್ಚಿನ ನೀಲಿ ಬೆಳಕಿನಲ್ಲಿ ಹುಡುಕುವುದನ್ನು ಪೊಲೀಸರಿಗೆ ಕಲಿಸುವ ತರಬೇತಿಗಾಗಿ ನಡೆದ ಕೊಲೆ ಅದು.

ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳದಿಂದ ಒಂದೊಂದು ತಂಡ. ತಂಡದಲ್ಲಿ ನಿಜವಾದ ಸಾಕ್ಷ್ಯ ಹಿಡಿದವರಿಗೇ ಆ ತಾಲೂಕಿನ ಟಾರ್ಚಿನ ಜವಾಬ್ದಾರಿ.

ಒಂದು ಖಾಲಿ ಕ್ವಾರ್ಟರ್ಸ್‌ನ ಕಿಟಕಿಗಳಿಗೆ ಕರಿಕಂಬಳಿ ಹೊದಿಸಿದೆ. ಅತ್ಯಂತ ಶ್ರದ್ಧೆಯಿಂದ ಇಲ್ಲಿ ಚಿಟಿಕೆ ಅರಿಶಿನದ ಭಂಡಾರ, ಅಲ್ಲಿ ಸೋಪಿನ ಪುಡಿ, ಮಂಚದ ಕಾಲಿಗೆ ಪುಡಿ ಮಾಡಿದ ಬಿ-ಕಾಂಪ್ಲೆಕ್ಸ್ ಗುಳಿಗೆ ಹಚ್ಚಿದೆ.

ಆ ಬೆಳಕಿಗೆ ಎಲ್ಲವೂ ಫಳಫಳ ಹೊಳೆಯುತ್ತವೆ. ಒಂದೂ ಸಾಕ್ಷ್ಯವಲ್ಲ.

ಮೊದಲ ಮೂರು ತಂಡಗಳು ಕಿತ್ತಳೆ ಬಣ್ಣದ ಕನ್ನಡಕ ಹಾಕಿಕೊಂಡು ಬಂದು, ಹೊಳೆದದ್ದನ್ನೆಲ್ಲ ಪ್ಯಾಕೆಟ್‌ಗೆ ತುಂಬಿಕೊಂಡು ಹೋದವು. ನಾನು ಬಾಗಿಲಲ್ಲಿ ನಿಂತು ಎಲ್ಲರಿಗೂ ಸಂತಾಪ ಸೂಚಿಸಿದೆ.

ಕೊನೆಗೆ ಮುದ್ದೇಬಿಹಾಳ. ಟಾರ್ಚ್ ಯುವ ಪಿಎಸ್‌ಐ ಕೈಯಲ್ಲಿ. ಹೆಡ್ ಕಾನ್ಸ್‌ಟೇಬಲ್ ಕಸ್ತೂರಕ್ಕನ ಕೈಯಲ್ಲಿ ಪೆನ್ನು, ರಜಿಸ್ಟರ್.

ಇಷ್ಟು ವರ್ಷದ ಸರ್ವಿಸ್‌ನಲ್ಲಿ ಎಲ್ಲಿಗೆ ಹೋದರೂ ಬರೆಯುವ ಕೆಲಸವೇ ತಮಗೆ ಬಂದದ್ದು, ಒಮ್ಮೆಯಾದರೂ ತಾವೇ ಹುಡುಕಬೇಕು ಅಂತ ಬೆಳಿಗ್ಗೆ ಚಹಾ ಕುಡಿಯುವಾಗ ಅವರು ನನಗೆ ಹೇಳಿದ್ದರು.

ಪಿಎಸ್‌ಐ ಸಾಹೇಬರೂ ಭಂಡಾರಕ್ಕೇ ಮರುಳಾದರು. ತಂಡಕ್ಕೆ ಕೊಟ್ಟ ಸಮಯದಲ್ಲಿ ಉಳಿದದ್ದು ಐದೇ ನಿಮಿಷ. ಕಸ್ತೂರಕ್ಕ ಟಾರ್ಚ್ ಕೇಳಿದರು.

ತೆಗೆದುಕೊಂಡವರೇ ನೀಲಿ ಬೆಳಕು ಆರಿಸಿ ಸಾದಾ ಬಿಳಿ ಬೆಳಕು ಹಚ್ಚಿದರು. ಯಾರೂ ನೋಡದಿದ್ದ ಬಾಗಿಲ ಹಿಂದಿನ ಮೂಲೆಗೆ ಹೋಗಿ ಮಂಡಿಯೂರಿದರು.

"ಅಕ್ಕಾರ, ಅದು ಅಡಿಗಿ ಮನಿ ಬ್ಯಾಟರಿ ಅಲ್ರಿ," ಅಂದರು ಪಿಎಸ್‌ಐ.

"ಮೂಗಬಟ್ಟ ಬಿದ್ರ ನಿಂತು ಹುಡುಕ್ತಾರೇನ್ರಿ ಸಾಹೇಬ್ರ? ಬ್ಯಾಟರಿ ನೆಲಕ್ಕ ಮಲಗಸಬೇಕು."

ಮಲಗಿಸಿದರು.

ಅಡ್ಡ ಬೆಳಕಿಗೆ ಧೂಳೊಳಗಿಂದ ಒಂದು ಹೆಜ್ಜೆ ಗುರುತು ಎದ್ದು ಕೂತಿತು! ಎಡಗಾಲು. ಹಿಮ್ಮಡಿಗೆ ತೇಪೆ, ತೇಪೆಗೆ ಮೂರು ಮೊಳೆ... ನಾನು ಬೇಕಂತಲೇ ಬಿಟ್ಟಿದ್ದ, ಇಡೀ ಕೋಣೆಯಲ್ಲಿದ್ದ ಒಂದೇ ನಿಜವಾದ ಸಾಕ್ಷ್ಯ. ಅದು ಹೊಳೆಯುವುದೇ ಇಲ್ಲ.

ಬೆಳಕು ನೆಲದ ಮೇಲೆ ನಿಧಾನವಾಗಿ ಸರಿಯುತ್ತಿದೆ. ಬಂದು ನನ್ನ ಪಾದದ ಹತ್ತಿರ ನಿಲ್ಲುತ್ತದೆ.

"ಸರ, ಎಡಗಾಲ ಚಪ್ಪಲಿ ಬಿಡ್ರಿ."

ಬಿಟ್ಟೆ. ತಿರುಗಿಸಿ ನೋಡಿದರು. ಮೂರು ಮೊಳೆ.

ಚಪ್ಪಲಿ ಪ್ಯಾಕೆಟ್‌ಗೆ ಹೋಯಿತು, ಸೀಲ್ ಬಿತ್ತು. ಕಸ್ತೂರಕ್ಕ ಒಂದೊಂದೇ ವಿವರ ಹೇಳಿದರು. ರಜಿಸ್ಟರ್ ಹಿಡಿದು ಬರೆದವರು ಪಿಎಸ್‌ಐ ಸಾಹೇಬರು.

ಟಾರ್ಚ್ ಮುದ್ದೇಬಿಹಾಳದ ಬಸ್ಸು ಹತ್ತಿತು, ಕಸ್ತೂರಕ್ಕನ ಮಡಿಲಲ್ಲಿ.

ನಾನು ಒಂಟಿ ಚಪ್ಪಲಿಯಲ್ಲಿ ನನ್ನೂರು ಇಂಗಳೇಶ್ವರದ ಬಸ್ಸು ಹತ್ತಿದೆ. ಕಂಡಕ್ಟರ್ ಕಾಲು ನೋಡಿದ, ಮುಖ ನೋಡಿದ. ಅಪರಾಧಿ ಇಷ್ಟು ಎದೆಯುಬ್ಬಿಸಿ ಕೂತದ್ದನ್ನು ಅವನು ಕಂಡಿರಲಿಕ್ಕಿಲ್ಲ.

ಚಪ್ಪಲಿ ಕಳಕೊಂಡು ಇಷ್ಟು ಹೆಮ್ಮೆಪಟ್ಟವರು ನಿಮ್ಮಲ್ಲಿ ಬೇರೆ ಯಾರಾದರೂ ಇದ್ದೀರಾ?