ಗಂಗಾಲಕ್ಷ್ಮಿಗೆ ಫೋನಿನ ಮೇಲೆ ಹೊಟ್ಟೆಕಿಚ್ಚು

ಬೆಳಗಿನ ಆರೂವರೆ. ಮಧುಗಿರಿಯ ಮೂರ್ಛೆರೋಗದ ಕ್ಲಿನಿಕ್ಕಿನಲ್ಲಿ ಆಯಾ ಗಂಗಾಲಕ್ಷ್ಮಿ ನೆಲ ಒರೆಸಿ, ಬೆಂಚು ಒರೆಸಿ, ಡಾಕ್ಟರ ಮೇಜು ಒರೆಸುತ್ತಾರೆ. ಮೇಜಿನ ಮೇಲೆ ಸ್ಟ್ಯಾಂಡಿಗೆ ಸಿಕ್ಕಿಸಿದ ಫೋನನ್ನು ಮಾತ್ರ ಮುಟ್ಟುವುದಿಲ್ಲ. “ಅದು ನನ್ನ ಸವತಿ. ಅದರ ಧೂಳು ಅದೇ ಒರೆಸ್ಕಳ್ಳಲಿ” ಎನ್ನುತ್ತಾರೆ.

ಐವತ್ತಾರರ ಗಂಗಾಲಕ್ಷ್ಮಿ ಇಲ್ಲಿಗೆ ಬಂದು ಹನ್ನೊಂದು ವರ್ಷ. ಮೊದಲೆಲ್ಲ ಮಂಗಳವಾರ ಬಂತೆಂದರೆ ಶಿರಾ, ಕೊರಟಗೆರೆ, ಪಾವಗಡದಿಂದ ಅರವತ್ತು ಜನ ಬರುತ್ತಿದ್ದರು. ಬೆಂಚಿನ ಮೇಲೇ ಯಾರಿಗಾದರೂ ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗಡಿಯಾರ ನೋಡುತ್ತ, ಎಚ್ಚರವಾಗುವವರೆಗೆ ಕೂತಿರುತ್ತಿದ್ದವರು ಇವರೇ. ಡಾಕ್ಟರು ರೋಗಿಗಳನ್ನು ಫೋನಿನ ವಿಡಿಯೊ ಕರೆಯಲ್ಲೂ ನೋಡತೊಡಗಿದ ಮೇಲೆ ಬೆಂಚಿಗೆ ಬರುವವರು ಇಪ್ಪತ್ತು. ತಾವರೆಕೆರೆಯ ಚಿಕ್ಕನರಸಯ್ಯನವರಂಥವರಿಗೆ ಅದೇ ಹಿತ. ಎರಡು ಬಸ್ಸು ಹತ್ತಿಳಿಯುವುದು ತಪ್ಪಿದೆ.

“ಅವ್ರಿಗೆ ಅನುಕೂಲ, ಇಲ್ಲ ಅನ್ನಲ್ಲ. ಆದ್ರೂ ಹೊಟ್ಟೆ ಉರೀತದೆ. ಬಂದೇಟ್ಗೆ ‘ಗಂಗಕ್ಕಾ’ ಅಂತಿದ್ದವ್ರು ಈಗ ಆ ಡಬ್ಬಿಗೆ ಕೈ ಮುಗೀತಾರೆ.”

ಹೋದ ತಿಂಗಳು ಪತ್ರಿಕೆಗೆ ಬರೆಯಲೆಂದು ಅನುಮತಿ ಪಡೆದು ನಾನೂ ಮೂಲೆಯಲ್ಲಿ ಕೂತಿದ್ದೆ. ಫೋನಿನಲ್ಲಿ ರಾಯಚರ್ಲಿನ ಶಿವರಂಜನಿ (ಹೆಸರು ಬದಲಿಸಿದ್ದೇನೆ), ಮದುವೆಯಾಗಿ ವರ್ಷವಾಗದ ಹುಡುಗಿ. ಪಕ್ಕದಲ್ಲೇ ಅತ್ತೆ. ಫಿಟ್ಸ್ ಬಂದಿಲ್ಲ, ಚೆನ್ನಾಗಿದ್ದೀನಿ ಎಂದಳು. ಮಾತು ತೊದಲಿತು. ನೆಟ್‌ವರ್ಕ್ ಸರಿಯಿಲ್ಲ ಎಂದರು ಡಾಕ್ಟರು. ನಾನೂ ಹಾಗೇ ಅಂದುಕೊಂಡೆ.

ಕರೆ ಮುಗಿದದ್ದೇ ಬಾಗಿಲ ಬಳಿ ನಿಂತು ಕೇಳುತ್ತಿದ್ದ ಗಂಗಾಲಕ್ಷ್ಮಿ ಮುಂದೆ ಬಂದರು. “ನೆಟ್‌ವರ್ಕ್ ಅಲ್ಲ ಸಾರ್, ನಾಲಿಗೆ ಕಚ್ಕಂಡವ್ಳೆ. ಫಿಟ್ಸ್ ಬಂದೈತೆ. ಇಲ್ಲಿಗೇ ಕರೀರಿ.”

“ನಿಮಗೆ ಈ ಫೋನ್ ಕಂಡರೆ ಆಗಲ್ಲ ಬಿಡಿ,” ಎಂದು ಡಾಕ್ಟರು ನಕ್ಕರು.

“ಹೊಟ್ಟೆಕಿಚ್ಚೇ ಇರಬೌದು ಸಾರ್. ಆದ್ರೂ ಕರೀರಿ.”

ಡಾಕ್ಟರು ಹೇಳಿಕಳಿಸಿದರು. ಮುಂದಿನ ಮಂಗಳವಾರ ಹುಡುಗಿ ಬಂದಳು. ಅತ್ತೆಯನ್ನು ಹೊರಗೆ ಕೂರಿಸಿ ಗಂಗಾಲಕ್ಷ್ಮಿ ಬಾಗಿಲು ಹಾಕಿದರು. ನಾಲಿಗೆಯ ಅಂಚಿನಲ್ಲಿ ಗಾಯವಿತ್ತು. ಆಕೆ ಎರಡು ತಿಂಗಳ ಬಸುರಿ. ಮಗುವಿಗೆ ತೊಂದರೆಯಾದೀತೆಂದು ಅತ್ತೆ ಮಾತ್ರೆ ನಿಲ್ಲಿಸಿಬಿಟ್ಟಿದ್ದರು. ಎರಡು ಸಲ ಫಿಟ್ಸ್ ಬಂದಿತ್ತು. “ಅತ್ತೆ ಪಕ್ಕದಾಗೇ ಇರ್ತಾರೆ ಸಾರ್, ಫೋನಲ್ಲಿ ಹೆಂಗೆ ಹೇಳ್ಲಿ?” ಎಂದಳು. ಡಾಕ್ಟರು ಬಸುರಿಗೆ ಹೊಂದುವ ಮಾತ್ರೆ ಬರೆದು, ಅತ್ತೆಯನ್ನು ಒಳಗೆ ಕರೆದು ತಿಳಿಹೇಳಿದರು.

ಹದಿನೈದು ವರ್ಷದಿಂದ ಜನರ ಮಾತು ಕೇಳುವುದೇ ನನ್ನ ಕಸುಬು. ಗಂಗಾಲಕ್ಷ್ಮಿಯ ಕಿವಿ ನನಗಿಲ್ಲವಲ್ಲ ಎಂದು ನನಗೂ ಹೊಟ್ಟೆಕಿಚ್ಚಾಯಿತು.

ಅವರ ಆಸೆ ದೊಡ್ಡದಲ್ಲ. “ಫೋನು ಇರ್ಲಿ ಬುಡು. ಮೂರು ಸಲ ಅದ್ರಾಗೆ ಮಾತಾಡಿದ್ರೆ ಒಂದ್ಸಲ ನನ್ ಕಣ್ಣಿಗೂ ಬೀಳ್ಲಿ. ಆ ಹುಡ್ಗಿ ಹೋಗೋವಾಗ ನನ್ ಕೈ ಹಿಡ್ಕಂಡು, ‘ಅಕ್ಕಾ, ನೀನಿದ್ರೆ ಮುಂದಿನ್ ತಿಂಗ್ಳೂ ಬತ್ತೀನಿ’ ಅಂದ್ಲು. ಆ ಫೋನಿಗೆ ಯಾರಾದ್ರೂ ಹಿಂಗಂದವ್ರಾ, ನೀನೇ ಹೇಳಮ್ಮ.”