ಅವಳ ನಂಬರಿಗೆ ಬಂದ ಆರು ಅಂಕಿ

ಶಹಾಪುರದಲ್ಲಿ ನಾನು ಕೆಲಸ ಮಾಡುವ ಕಾಲೇಜಿನ ಗ್ರಂಥಾಲಯದಲ್ಲಿ ನಾಲ್ಕು ಕಂಪ್ಯೂಟರ್‌ಗಳಿವೆ, ನಡೆಯುವವು ಮೂರು. ನಾನು ಅಲ್ಲಿ ತಾತ್ಕಾಲಿಕ ಸಹಾಯಕಿ. ಪುಸ್ತಕ ಕೊಡುವುದು, ವಾಪಸು ಪಡೆಯುವುದು, ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಆದರೆ ವಿದ್ಯಾರ್ಥಿವೇತನದ ಅರ್ಜಿ ಶುರುವಾದ ದಿನದಿಂದ ಪುಸ್ತಕ ಕೇಳುವವರು ಕಡಿಮೆಯಾಗುತ್ತಾರೆ. ಹುಡುಗಿಯರು ಬಾಗಿಲಲ್ಲೇ ನಿಂತು, ಲಾಗಿನ್ ಆಗವಲ್ದ್ರಿ ಮೇಡಂ, ಎನ್ನುತ್ತಾರೆ.

ಬಹಳ ಸಲ ತಪ್ಪು ಆ ಜಾಲತಾಣದ್ದಲ್ಲ, ಬ್ರೌಸರಿನದು. ಮೊದಲು ಕೂತು ಹೋದವಳ ಪಾಸ್‌ವರ್ಡನ್ನು ಅದು ನೆನಪಿಟ್ಟುಕೊಂಡು ಎರಡನೆಯವಳ ಹೆಸರಿನ ಕೆಳಗೆ ತಾನಾಗಿಯೇ ತುಂಬಿರುತ್ತದೆ. ಕಂಪ್ಯೂಟರಿನೊಳಗಿನ ಸೆಲ್ ಸತ್ತು ತಾರೀಖು ಹಿಂದೆ ಹೋಗಿದ್ದರೆ ಯಾವ ಪುಟವೂ ನಮ್ಮನ್ನು ಒಳಗೆ ಬಿಡುವುದಿಲ್ಲ. ಇನ್ನು ಕುಕಿ. ಒಮ್ಮೆ ಒಳಗೆ ಬಿಟ್ಟವರ ಗುರುತಿಗೆಂದು ಜಾಲತಾಣ ಬ್ರೌಸರಿನ ಕೈಗೆ ಕೊಡುವ ಸಣ್ಣ ಚೀಟಿ ಅದು. ಚೀಟಿ ಕೆಟ್ಟರೆ ಆ ಒಂದನ್ನಷ್ಟೇ ಅಳಿಸಬೇಕು. ಎಲ್ಲವನ್ನೂ ಒರೆಸಿಬಿಡಬೇಡಿ, ಬೇಕಾದ ಬೇರೆ ಬಾಗಿಲುಗಳೂ ಮುಚ್ಚಿಕೊಳ್ಳುತ್ತವೆ ಎಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಹೇಳುವ ನಾನೇ ಹೋದ ಚಳಿಗಾಲದ ಒಂದು ಶನಿವಾರ ಎಲ್ಲವನ್ನೂ ಒರೆಸಿಬಿಟ್ಟೆ.

ಹಿಂದಿನ ದಿನ ಸಂಜೆ, ಸುರಪುರಕ್ಕೆ ಮನೆಗೆ ಹೋಗುವ ಬಸ್ಸಿನಲ್ಲಿದ್ದಾಗ, ವಿಶ್ವವಿದ್ಯಾಲಯದ ಸಹಪಾಠಿಯೊಬ್ಬಳಿಂದ ಮೆಸೇಜ್ ಬಂದಿತ್ತು. ಮೂರು ವರ್ಷದ ಹಿಂದೆ ನಾವೆಲ್ಲ ಅರ್ಜಿ ಹಾಕಿ ಮರೆತಿದ್ದ ಗ್ರಂಥಪಾಲಕರ ಹುದ್ದೆಗೆ ಪಟ್ಟಿ ಬಂದಿದೆ, ಸೋಮವಾರ ಕಲಬುರಗಿಯಲ್ಲಿ ದಾಖಲೆ ಪರಿಶೀಲನೆ, ಕರೆಪತ್ರ ಇಮೇಲಿಗೆ ಬಂದಿರುತ್ತದೆ, ಅದರ ಪ್ರಿಂಟ್ ಇಲ್ಲದೆ ಒಳಗೆ ಬಿಡುವುದಿಲ್ಲ. ಕಾಯಂ ಕೆಲಸ. ನಾನು ಮೆಸೇಜನ್ನು ಎರಡು ಸಲ ಓದಿ ಫೋನನ್ನು ಚೀಲದೊಳಗಿಟ್ಟೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಪತ್ರ ಕೈಗೆ ಬರುವ ಮುಂಚೆ ಹೇಳುವ ಅಭ್ಯಾಸ ನನಗಿಲ್ಲ.

ಆ ಅರ್ಜಿಗೆ ಕೊಟ್ಟದ್ದು ಹಾಸ್ಟೆಲಿನಲ್ಲಿದ್ದಾಗ ಮಾಡಿಕೊಂಡ ಹಳೆಯ ಇಮೇಲ್. ಈಗ ಅದನ್ನು ಬಳಸುವುದಿಲ್ಲ. ಆದರೆ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಅದು ತೆರೆದೇ ಇರುತ್ತಿತ್ತು, ಪಾಸ್‌ವರ್ಡ್ ಕೇಳುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಗ್ರಂಥಾಲಯದಲ್ಲಿ ಕೂತು ತೆರೆದರೆ ಪಾಸ್‌ವರ್ಡ್ ಕೇಳಿತು. ಕೊಟ್ಟೆ. ತಪ್ಪೆಂದು ಹೇಳಲಿಲ್ಲ, ಒಳಗೂ ಬಿಡಲಿಲ್ಲ. ಒಂದು ಸುತ್ತು ತಿರುಗಿ ಮತ್ತೆ ಅದೇ ಪುಟಕ್ಕೆ ತಂದು ನಿಲ್ಲಿಸಿತು. ಏಳು ಸಲ ಹಾಗಾಯಿತು. ಬೇರೆಯವರದಾಗಿದ್ದರೆ ನಾನು ನಿಧಾನವಾಗಿ ಒಂದೊಂದೇ ನೋಡುತ್ತಿದ್ದೆ. ನನ್ನದಾದ್ದರಿಂದ ಅವಸರ ಮಾಡಿದೆ. ‘ಎಲ್ಲ ಕಾಲದ್ದು’ ಎಂದು ಆರಿಸಿ ಎಲ್ಲ ಚೀಟಿಗಳನ್ನೂ ಅಳಿಸಿದೆ. ಆಮೇಲೆ ಆ ಪುಟಕ್ಕೆ ನಾನು ಯಾರೋ ಹೊರಗಿನವಳು. ನೀವು ನೀವೇ ಎಂಬುದಕ್ಕೆ, ನೋಂದಾಯಿತ ಮೊಬೈಲಿಗೆ ಕಳಿಸುವ ಆರು ಅಂಕಿಯ ಕೋಡ್ ಕೊಡಿ ಎಂದಿತು. ನಂಬರಿನ ಕೊನೆಯ ಎರಡು ಅಂಕಿ ಮಾತ್ರ ಕಾಣುತ್ತಿದ್ದವು. ಉಳಿದ ಎಂಟು ನನಗೆ ಬಾಯಿಪಾಠ.

ಅದು ನನ್ನ ನಂಬರಲ್ಲ.

ಹಾಸ್ಟೆಲಿನಲ್ಲಿದ್ದ ಎರಡು ವರ್ಷ ನನ್ನ ಬಳಿ ಫೋನ್ ಇರಲಿಲ್ಲ. ಓದು ಮುಗಿಯಲಿ, ಆಮೇಲೆ ನೋಡೋಣ ಎಂದು ಅಪ್ಪ ಹೇಳಿದ್ದರು. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಹಾಗೆ ಹೇಳುತ್ತಿದ್ದರು, ನಾವೂ ವಾದಿಸುತ್ತಿರಲಿಲ್ಲ. ಕೋಣೆಯಲ್ಲಿ ನನ್ನ ಜೊತೆಗಿದ್ದವಳ ಬಳಿ ಒಂದು ಫೋನಿತ್ತು. ಅವಳು ಗುರುಮಠಕಲ್ ಕಡೆಯವಳು, ಕುರಿ ಸಾಕುವ ಮನೆಯವಳು. ತಾಯಿಯ ಜೊತೆ ತೆಲುಗು, ನಮ್ಮ ಜೊತೆ ಕನ್ನಡ. ನಮ್ಮಮ್ಮ ಅವಳ ಫೋನಿಗೆ ಮಾಡುತ್ತಿದ್ದಳು. ಗೆಳತಿ ಮೊದಲು ತಾನೇ ಹತ್ತು ನಿಮಿಷ ಮಾತಾಡಿ, ನಿಮ್ಮ ಮಗಳು ಇವತ್ತು ಸರಿಯಾಗಿ ಉಂಡಿಲ್ಲ ಎಂದು ಚಾಡಿ ಹೇಳಿ, ಆಮೇಲೆ ನನ್ನ ಕೈಗೆ ಕೊಡುತ್ತಿದ್ದಳು. ನನ್ನ ಇಮೇಲ್, ಪರೀಕ್ಷೆಯ ನೋಂದಣಿ, ಈ ಅರ್ಜಿ, ಎಲ್ಲಕ್ಕೂ ಅವಳದೇ ನಂಬರು. ಹಾಕ್ಕೋ, ನಾ ಎಲ್ಲಿ ಹೋಗ್ತೀನಿ, ಎನ್ನುತ್ತಿದ್ದಳು.

ರಜೆಯಲ್ಲಿ ಸೋದರಮಾವನ ಆನ್‌ಲೈನ್ ಸೆಂಟರಿನಲ್ಲಿ ಕೂತು ಅವಳು ಕಂಪ್ಯೂಟರ್ ಕಲಿತಿದ್ದಳು. ನಾವು ಇಬ್ಬರೂ ಸೇರಿ ಹಳೆಯ ಲ್ಯಾಪ್‌ಟಾಪೊಂದನ್ನು ಕೊಂಡೆವು, ಮಂಚಗಳನ್ನು ಒಂದಕ್ಕೊಂದು ತಾಗಿಸಿ ನಡುವೆ ಅದನ್ನಿಟ್ಟುಕೊಳ್ಳುತ್ತಿದ್ದೆವು. ಓದು ಮುಗಿದಾಗ ಲ್ಯಾಪ್‌ಟಾಪ್ ನನಗಿರಲಿ ಎಂದವಳೂ ಅವಳೇ.

ಮುಗಿದ ಆರು ತಿಂಗಳಿಗೆ ಅವಳ ಮದುವೆ ನಿಶ್ಚಯವಾಯಿತು. ಮದುವೆಯ ಬೆಳಿಗ್ಗೆ ನಾನು ಸುರಪುರದಿಂದ ಹೊರಟು, ಶಹಾಪುರದಲ್ಲಿ ಬಸ್ ಬದಲಿಸಿ, ಯಾದಗಿರಿಗೆ ಬಂದು ಇಳಿದೆ. ಚೀಲದಲ್ಲಿ ಅವಳಿಗೆಂದು ಒಂದು ಇಳಕಲ್ ಸೀರೆ ಇತ್ತು. ಗುರುಮಠಕಲ್ ಬಸ್ ನಿಲ್ಲುವ ಕಡೆಯ ಕಲ್ಲುಬೆಂಚಿನ ಮೇಲೆ ಕೂತೆ. ಬಸ್ ಬಂತು, ಹೋಯಿತು. ಇನ್ನೊಂದು ಬಂತು. ಮೂರನೆಯದರ ಕಂಡಕ್ಟರ್ ನನ್ನನ್ನು ನೋಡಿ, ಬರ್ತೀರೇನ್ರಿ, ಎಂದು ಕೇಳಿದ. ಇಲ್ಲ ಎಂದೆ. ಹಂದರದಲ್ಲಿ ನೂರಾರು ಜನರ ನಡುವೆ ಅಕ್ಷತೆ ಹಿಡಿದು ಒಬ್ಬ ಅತಿಥಿಯಾಗಿ ನಿಲ್ಲುವುದು ನನ್ನಿಂದಾಗದು ಎಂದು ಆ ಬೆಂಚಿನ ಮೇಲೆ ಕೂತಾಗಲೇ ನನಗೆ ತಿಳಿದದ್ದು. ಸಂಜೆ ಮನೆಗೆ ಮರಳಿ, ಆಗಷ್ಟೇ ಕೊಂಡಿದ್ದ ನನ್ನ ಫೋನಿನಿಂದ ಜ್ವರ ಬಂದಿತ್ತೆಂದು ಅವಳಿಗೆ ಹೇಳಿದೆ. ಹೌದಾ, ಎಂದಳು. ಆಮೇಲೆ ಅವಳೂ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಶನಿವಾರ ಹನ್ನೊಂದಕ್ಕೆ ಆ ನಂಬರಿಗೆ ಕರೆ ಮಾಡಿದೆ. ಎತ್ತಿದ್ದು ಅವಳ ಅತ್ತೆ. ಸೊಸೆ ಊರ ಶಾಲೆಯಲ್ಲಿ ಅತಿಥಿ ಶಿಕ್ಷಕಿ, ಮಗುವನ್ನು ತಮ್ಮ ಹತ್ತಿರ ಬಿಟ್ಟು ಹೋಗುವುದರಿಂದ ಫೋನ್ ಮನೆಯಲ್ಲೇ ಇಟ್ಟು ಹೋಗುತ್ತಾಳೆ, ಒಂದು ಗಂಟೆಗೆ ಬರುತ್ತಾಳೆ ಎಂದು ತೆಲುಗು ಬೆರೆಸಿದ ಕನ್ನಡದಲ್ಲಿ ಹೇಳಿದರು. ನಾನು ಅವಳ ಹಾಸ್ಟೆಲಿನ ಗೆಳತಿ, ಸುರಪುರದವಳು ಎಂದೆ.

"ಸುರಪುರದಾಕಿ ಏನವ್ವಾ? ಮದಿವಿಗಿ ಬರ್ಲಿಲ್ಲಲ್ಲ, ಆಕಿ?"

ಹೌದ್ರಿ ಎಂದೆ. ನೋಡದ ಮನೆಯೊಂದರಲ್ಲಿ ನನಗೆ ಆ ಗುರುತು ಇದೆ ಎಂದು ನಾನು ಅಂದುಕೊಂಡಿರಲಿಲ್ಲ. ಮಾತಿನ ನಡುವೆಯೇ ಕೋಡ್ ಕಳಿಸಲು ಒತ್ತಿ ನೋಡಿದೆ. ಅದು ಬಂದ ಸದ್ದು ಅವರಿಗೂ ಕೇಳಿಸಿತು, ಆದರೆ ಅದನ್ನು ತೆರೆದು ಓದುವುದು ಅವರಿಗೆ ಬರುತ್ತಿರಲಿಲ್ಲ. ಅದರ ಅವಧಿ ಮುಗಿಯಿತು.

ಒಂದಕ್ಕೆ ಕಾಲೇಜು ಮುಗಿದು ಎಲ್ಲರೂ ಹೋದರು. ಕೀಲಿ ನನ್ನ ಬಳಿಯೇ ಇತ್ತು, ಒಳಗೇ ಕೂತೆ. ಹೊರಗೆ ಹತ್ತಿಯ ಲಾರಿಗಳು ಹೋಗುತ್ತಿದ್ದವು. ಒಂದೂ ಕಾಲಿಗೆ ಅವಳ ನಂಬರಿನಿಂದ ಕರೆ ಬಂತು.

"ಹೇಳ್ರಿ ಮೇಡಂ."

ಆ ‘ರಿ’ ನನ್ನನ್ನು ಚುಚ್ಚಲೆಂದೇ ಇಟ್ಟದ್ದು. ನಾನು ಹೇಗಿದ್ದೀಯ ಎಂದೂ ಕೇಳದೆ ನೇರ ವಿಷಯಕ್ಕೆ ಬಂದೆ. ನಾಚಿಕೆಯಾದಾಗ ನಾನು ಹಾಗೇ ಮಾಡುತ್ತೇನೆ. ಒಂದು ಕೋಡ್ ಬರುತ್ತದೆ, ಓದಿ ಹೇಳುತ್ತೀಯಾ ಎಂದೆ.

"ಮೂರು ವರ್ಷದ ಮ್ಯಾಲ ಆರು ಅಂಕಿ ಸಾಕೇನು ನಿನಗ? ಓದ್ತೀನಿ, ಕಳಿಸು."

ಕಳಿಸಿದೆ. ಬರಲಿಲ್ಲವೆಂದು ಗಾಬರಿಯಿಂದ ಇನ್ನೊಮ್ಮೆ ಒತ್ತಿದೆ. ಎರಡೂ ಒಟ್ಟಿಗೆ ಬಂದವು. ಅವಳು ಮೊದಲು ಬಂದದ್ದನ್ನು ಓದಿದಳು, ಅದು ಆಗಲೇ ರದ್ದಾಗಿತ್ತು. ಎರಡನೆಯದನ್ನು ಓದಿದಳು, ನಾನು ಅವಸರದಲ್ಲಿ ಒಂದು ಅಂಕಿ ತಪ್ಪಾಗಿ ಒತ್ತಿದೆ. ಬಹಳ ಸಲ ಪ್ರಯತ್ನಿಸಿದ್ದೀರಿ, ಅರ್ಧ ಗಂಟೆ ಬಿಟ್ಟು ಬನ್ನಿ ಎಂದು ಪುಟ ಹೇಳಿತು. ಅವಳಿಗೆ ಅದನ್ನೇ ಹೇಳಿ, ಅರ್ಧ ತಾಸು ಬಿಟ್ಟು ಮಾಡುತ್ತೇನೆ ಎಂದೆ.

"ಇಡಬ್ಯಾಡ," ಎಂದಳು. "ಇಟ್ರ ಮತ್ತ ಮೂರು ವರ್ಷ ಮಾಡ್ತಿ."

ಹೀಗೆ ಆ ಅರ್ಧ ಗಂಟೆ ಸಿಕ್ಕಿತು. ಅವಳ ಕಡೆ ಪಾತ್ರೆಯ ಸದ್ದು, ಕುರಿಮರಿಯೊಂದರ ಸದ್ದು, ಮಗುವನ್ನು ತೆಲುಗಿನಲ್ಲಿ ಗದರುವ ಅವಳ ದನಿ. ಮೊದಲಿಗಿಂತ ದನಿ ಸ್ವಲ್ಪ ದಪ್ಪವಾಗಿತ್ತು. ಮಗು ಗಂಡೋ ಹೆಣ್ಣೋ ಎಂದು ಕೇಳಿದೆ. ಹೆಣ್ಣು, ಎರಡು ವರ್ಷ ಎಂದಳು. ಕರೆಪತ್ರದ ವಿಷಯ ನಾನು ವಿವರಿಸಲು ಶುರುಮಾಡಿದರೆ ನಡುವೆಯೇ ತಡೆದಳು.

"ಗೊತ್ತದ. ಗುರುವಾರನೇ ಮೆಸೇಜ್ ಬಂದದ. ಅರ್ಜಿಗೂ ನಂದೇ ನಂಬರ್ ಅಲ್ಲೇನು?"

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ದನಿಯಲ್ಲಿ ಸಿಟ್ಟು ಬಂದಿತ್ತು.

"ಈಗರ ಫೋನ್ ಮಾಡ್ತಾಳ ಅಂತ ಕುಂತಿದ್ದೆ. ನಾಳಿ ಮುಂಜಾನಿ ತನಕ ನೋಡಿ ನಾನೇ ಮಾಡ್ತಿದ್ದೆ."

"ನಾಳೆ ಐತವಾರ. ಪ್ರಿಂಟ್ ಎಲ್ಲಿ ತಗೀತಿದ್ದೆ ನಾನು?"

"ಯವ್ವಾ, ಪ್ರಿಂಟಿನ ಚಿಂತಿ ನೋಡು ಇಕಿಗಿ."

ಮೂರು ದಿನ ಅವಳು ನನ್ನ ಕೆಲಸವನ್ನು ಕೈಯಲ್ಲಿ ಹಿಡಿದುಕೊಂಡು, ನಾನು ಕೇಳುತ್ತೇನೋ ಇಲ್ಲವೋ ಎಂದು ಕಾದಿದ್ದಳು. ಸಿಟ್ಟು ಹಾಗೇ ಇತ್ತು. ಅದರ ಕೆಳಗೆ, ಆ ಮೂರು ದಿನ ಅವಳು ನನ್ನ ಬಗ್ಗೆ ಯೋಚಿಸುತ್ತಿದ್ದಳು ಎಂಬುದೂ ಇತ್ತು. ಹನ್ನೆರಡು ನಿಮಿಷ ಉಳಿದಿತ್ತು. ಈಗ ಹೇಳದಿದ್ದರೆ ಮುಂದೆ ಹೇಳುವವಳಲ್ಲ ನಾನು ಎಂದು ನನಗೇ ಗೊತ್ತಿತ್ತು.

"ನಿನ್ನ ಮದಿವಿ ದಿನ ನನಗ ಜ್ವರ ಬಂದಿರಲಿಲ್ಲ," ಎಂದೆ.

"ಅದೂ ಗೊತ್ತದ."

"ಯಾದಗಿರಿ ತನಕ ಬಂದಿದ್ದೆ. ಬಸ್ ಸ್ಟ್ಯಾಂಡಿನಾಗ ಕುಂತು ವಾಪಸ್ ಹೋದೆ."

ಇದು ಅವಳಿಗೆ ಗೊತ್ತಿರಲಿಲ್ಲ. ಪಾತ್ರೆಯ ಸದ್ದು ನಿಂತಿತು.

"ಎಷ್ಟು ಬಸ್ ಬಿಟ್ಟಿ?"

"ಮೂರು."

"ಮೂರರಾಗೂ ಸೀಟ್ ಇರಲಿಲ್ಲೇನು?"

"ಇದ್ದವು."

ಅವಳು ನಕ್ಕಳು ಎಂದುಕೊಂಡೆ. ನಗುವಲ್ಲ. ಸ್ವಲ್ಪ ಹೊತ್ತು ಬಿಟ್ಟು ಮೂಗು ಒರೆಸಿಕೊಂಡ ಸದ್ದು ಕೇಳಿತು. ಯಾಕೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ ಎಂದು ಈಗಲೂ ಯೋಚಿಸುತ್ತೇನೆ. ನಿನ್ನ ಪಕ್ಕದ ಮಂಚದ ಮೇಲೆ ಮಲಗಿದ್ದ ಎರಡು ವರ್ಷ ನನಗೆ ಬೇರೆ ಏನೂ ಬೇಕೆನಿಸಿರಲಿಲ್ಲ ಎಂದು ಹೇಳುತ್ತಿದ್ದೆನೇನೋ. ಹೇಳುತ್ತಿರಲಿಲ್ಲವೇನೋ.

ಅವಳೇ ಮಾತು ಬದಲಿಸಿದಳು. ಆ ಪುಟ ಸುತ್ತಿ ಸುತ್ತಿ ಬಂದದ್ದು ಯಾಕೆ, ಬ್ರೌಸರಿಗೆ ಈಚೆಗೆ ಹೊಸದೇನಾದರೂ ಸೇರಿಸಿದ್ದೀಯಾ ಎಂದಳು. ಇಲ್ಲ ಎಂದೆ. ಛಲೋ ನೆನಪು ಮಾಡು ಎಂದಳು. ಆಗ ಹೊಳೆಯಿತು. ಹೋದ ವಾರ ವಿದ್ಯಾರ್ಥಿನಿಯೊಬ್ಬಳು ನನ್ನ ಲ್ಯಾಪ್‌ಟಾಪಿಗೆ ಜಾಹೀರಾತು ತಡೆಯುವ ಒಂದು ಸಣ್ಣ ಪ್ರೋಗ್ರಾಂ ಹಾಕಿಕೊಟ್ಟಿದ್ದಳು. ಜಾಹೀರಾತಿನ ಜೊತೆಗೆ ಅದು ಈ ಲಾಗಿನ್ ಪುಟವನ್ನೂ ತಡೆಯುತ್ತಿತ್ತು. ತೆಗೆದು ಹಾಕಿದೆ. ಎಲ್ಲರಿಗೂ ನಾನು ಕೇಳುವ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಿರಲಿಲ್ಲ.

ಅರ್ಧ ಗಂಟೆ ಮುಗಿಯಿತು. ಒಂದೇ ಸಲ ಒತ್ತಿದೆ. ಅವಳು ಎರಡೆರಡು ಅಂಕಿಗಳನ್ನು ಕೂಡಿಸಿ, ಮೊದಲು ಓದುತ್ತಿದ್ದ ಹಾಗೆಯೇ, ನಿಧಾನವಾಗಿ ಓದಿದಳು. ಬಾಗಿಲು ತೆರೆಯಿತು. ಕರೆಪತ್ರ ಮೇಲೆಯೇ ಇತ್ತು. ಓದು ಎಂದಳು. ಇಡೀ ಪತ್ರ ಗಟ್ಟಿಯಾಗಿ ಓದಿದೆ. ಅವಳು ಪ್ರತಿ ದಾಖಲೆಗೂ ಇದೆಯಾ ಎಂದು ಕೇಳಿದಳು, ಝೆರಾಕ್ಸ್ ಎರಡಲ್ಲ ಮೂರು ತೆಗೆಸು ಎಂದಳು. ಅವಳೂ ಇದೇ ಹುದ್ದೆಗೆ ಓದಿದವಳು. ಅರ್ಜಿಯ ಕೊನೆಯ ದಿನಗಳಲ್ಲೇ ಅವಳಿಗೆ ಮದುವೆ ನಿಶ್ಚಯವಾಗಿತ್ತು, ಅವಳು ಅರ್ಜಿ ಹಾಕಿರಲಿಲ್ಲ. ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಆಮೇಲೆ, ಈ ಸಿಮ್ಮು ತಿಂಗಳ ಕೊನೆಗೆ ಬಂದ್ ಆಗುತ್ತದೆ ಎಂದಳು. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ಗಂಡ ಹೊಸ ಸಿಮ್ಮು ತರುತ್ತಾನಂತೆ. ಈಗಲೇ ನಿನ್ನ ನಂಬರು ಹಾಕಿಕೋ ಎಂದಳು. ಹಳೆಯ ನಂಬರನ್ನು ತೆಗೆಯಲು ಹಳೆಯ ನಂಬರಿಗೇ ಕೊನೆಯ ಒಂದು ಕೋಡ್ ಹೋಯಿತು. ಅದನ್ನೂ ಓದಿದಳು. ಬದಲಾಯಿತು ಎಂದೆ.

"ಇನ್ನ ಮ್ಯಾಲ ನಿನ್ನವು ನಿನಗೇ ಬರ್ತಾವ. ನನ್ನ ಕೆಲಸ ಹೋತು."

ಹೊಸ ನಂಬರು ಸಿಕ್ಕ ಕೂಡಲೇ ನನಗೆ ಕೊಡು ಎಂದೆ. ನಾನು ಅವಳಲ್ಲಿ ಏನನ್ನಾದರೂ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲಿರಬೇಕು. ಹಾಸ್ಟೆಲಿನಲ್ಲಿ ಕೇಳುವ ಮುಂಚೆಯೇ ಕೊಟ್ಟುಬಿಡುತ್ತಿದ್ದಳು.

"ನಾನೇ ಮಾಡ್ತೀನಿ," ಎಂದಳು. "ನೀ ಎತ್ತಬೇಕು, ಅಷ್ಟೇ."

ಮಗು ಅತ್ತಿತು. ಫೋನ್ ಇಟ್ಟಳು.

ಸೋಮವಾರ ಕಲಬುರಗಿಗೆ ಹೋಗಿ ಬಂದೆ. ದಾಖಲೆಗಳು ಸರಿಯಿದ್ದವು, ಮೂರನೆಯ ಝೆರಾಕ್ಸ್ ಬೇಕಾಯಿತು. ಅಂತಿಮ ಪಟ್ಟಿ ಇನ್ನೂ ಬಂದಿಲ್ಲ. ತಿಂಗಳು ಮುಗಿದ ಮೇಲೆ ಒಂದು ದಿನ ಹಳೆಯ ನಂಬರಿಗೆ ಮಾಡಿ ನೋಡಿದೆ. ಅದು ಚಾಲ್ತಿಯಲ್ಲಿಲ್ಲ ಎಂದು ಒಂದು ಹೆಣ್ಣುದನಿ ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿತು.

ಈಗ ಗೊತ್ತಿಲ್ಲದ ನಂಬರಿನ ಕರೆಗಳನ್ನೆಲ್ಲ ಎತ್ತುತ್ತೇನೆ. ಸಾಲ ಬೇಕೇ ಎಂದು ಕೇಳುವವರು, ವಿಮೆಯವರು, ಯಾವುದೋ ಟ್ರ್ಯಾಕ್ಟರ್ ಅಂಗಡಿಯೆಂದು ತಿಳಿದು ಮಾಡುವವರು. ಮೊನ್ನೆ ಸಂಜೆ ಸುರಪುರದ ಬಸ್ಸಿನಲ್ಲಿ ನಿಂತಿದ್ದಾಗ ಒಂದು ಬಂತು. ಆ ಕಡೆ ಗಾಳಿಯ ಸದ್ದು, ದೂರದಲ್ಲಿ ಕುರಿಗಳ ಸದ್ದು. ಹಲೋ ಎಂದೆ. ಮುದುಕರೊಬ್ಬರು ತೆಲುಗಿನಲ್ಲಿ ಯಾರನ್ನೋ ಕೇಳಿದರು. ನಂಬರು ತಪ್ಪಾಗಿದೆ ಎಂದು ನನಗೆ ಬರುವಷ್ಟು ತೆಲುಗಿನಲ್ಲಿ ಹೇಳಿದೆ. ಅವರು ಕ್ಷಮಿಸು ತಾಯಿ ಎಂದರು, ಆದರೆ ಫೋನ್ ಇಡಲು ಮರೆತರು. ಕುರಿಗಳ ಸದ್ದು ಬರುತ್ತಲೇ ಇತ್ತು. ನಾನೂ ಇಡಲಿಲ್ಲ, ಅದಾಗಿಯೇ ಕಡಿಯುವವರೆಗೆ ಕಿವಿಗೆ ಹಿಡಿದುಕೊಂಡೇ ನಿಂತಿದ್ದೆ.