ಸಲ್ಸಬೀಲ್ ಎಂಬ ಮಡಕೆ

ಹಸಿ ಶುಂಠಿ ಜಜ್ಜಿದ ವಾಸನೆ ಬಂದರೆ ಎಲ್ಲರಿಗೂ ಚಹಾ ನೆನಪಾಗುತ್ತದೆ, ನನಗೆ ತಣ್ಣೀರು. ಶಿವಾಜಿನಗರದ ಓಣಿಯಲ್ಲಿ ನನ್ನ ನಾನಿಯ, ಅಂದರೆ ಅಮ್ಮನ ತಾಯಿಯ, ಮನೆಯ ಬಾಗಿಲ ಪಕ್ಕ ಒಂದು ದೊಡ್ಡ ಮಣ್ಣಿನ ಮಡಕೆ ಇತ್ತು. ಹಾದುಹೋಗುವ ಯಾರಾದರೂ ಅದರ ನೀರು ಕುಡಿಯಬಹುದಿತ್ತು. ಶುಕ್ರವಾರ ಬೆಳಿಗ್ಗೆ ನಾನಿ ಶುಂಠಿಯ ಚೂರು ಜಜ್ಜಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಮಡಕೆಯೊಳಗೆ ಇಳಿಬಿಡುತ್ತಿದ್ದಳು. ಸ್ವರ್ಗದಲ್ಲಿ ಸಲ್ಸಬೀಲ್ ಎಂಬ ಬುಗ್ಗೆಯಿದೆ, ಅಲ್ಲಿ ಕುಡಿಯಲು ಕೊಡುವುದರಲ್ಲಿ ಶುಂಠಿ ಬೆರೆತಿರುತ್ತದೆ ಎಂದು ಕುರ್‌ಆನಿನಲ್ಲಿ ಬರುತ್ತದೆ. ಗಂಟಲಲ್ಲಿ ತಡೆಯಿಲ್ಲದೆ ನಯವಾಗಿ ಇಳಿಯುವ ನೀರು ಎಂದು ಆ ಅರಬ್ಬಿ ಮಾತಿಗೆ ನಾನಿ ಅರ್ಥ ಹೇಳುತ್ತಿದ್ದಳು. ನಮ್ಮ ಮಡಕೆಗೂ ಅದೇ ಹೆಸರು. ನಿಂತು ನೀರು ಕುಡಿಯುವುದು ಅವಳಿಗೆ ಆಗದು. ಅದಕ್ಕೆಂದೇ ಮಡಕೆಯ ಪಕ್ಕ ಚಪ್ಪಡಿ ಕಲ್ಲು ಹಾಕಿಸಿದ್ದಳು. ಕೂಲಿಯವನಿರಲಿ, ಪೊಲೀಸನಿರಲಿ, ಕೂತೇ ಕುಡಿಯಬೇಕು.

ಎಲ್ಲವೂ ಎಂದಿನಂತಿದ್ದ ಕೊನೆಯ ದಿನವೂ ಶುಕ್ರವಾರವೇ. ಹೂ ಮಾರುವ ಕಣ್ಣಮ್ಮ ಬುಟ್ಟಿ ಇಳಿಸಿ, ಕಲ್ಲಿನ ಮೇಲೆ ಕೂತು, ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಏನ್ ಬೂಬಮ್ಮಾ, ನಿಮ್ಮ ಸ್ವರ್ಗದ ನೀರಿಗೆ ಒಂಚೂರು ಏಲಕ್ಕಿ ಹಾಕ್ಬಾರ್ದಾ?"

"ಏಲಕ್ಕಿ ಬೇಕಾದ್ರೆ ನಿಮ್ಮ ಸ್ವರ್ಗದಲ್ಲಿ ಕೇಳ್ಕೊ ಹೋಗು. ನಮ್ದ್ರಲ್ಲಿ ಶುಂಠಿನೇ" ಎಂದಳು ನಾನಿ. ಕಣ್ಣಮ್ಮ ನಗುತ್ತಲೇ ಇನ್ನೊಂದು ಲೋಟ ಬಗ್ಗಿಸಿಕೊಂಡಳು, ಹೋಗುವಾಗ ಒಂದು ಮೊಳ ಮಲ್ಲಿಗೆಯನ್ನು ಮಡಕೆಯ ಕೊರಳಿಗೆ ಸುತ್ತಿದಳು.

ಮಧ್ಯಾಹ್ನ ಮಾಮು ಬಂದ. ಅಮ್ಮನ ತಮ್ಮ, ನಾನಿಯ ಒಬ್ಬನೇ ಮಗ. ಜೊತೆಗೆ ಅತ್ತರು ಬಳಿದುಕೊಂಡ ಬಿಲ್ಡರ್. ಇಬ್ಬರೂ ಗೋಡೆಗಳನ್ನು ಬೆರಳಿನಿಂದ ತಟ್ಟಿ ನೋಡಿದರು, ಸಂತೆಯಲ್ಲಿ ಎಮ್ಮೆಯ ಬೆನ್ನು ತಟ್ಟುವಂತೆ. ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವ ಮಾತು. ನಾನಿ ಜಗಳವಾಡಲಿಲ್ಲ. ಒಂದೇ ಒಂದು ಕೇಳಿದಳು: ಗೇಟಿನ ಹೊರಗೆ ಮಡಕೆಯೂ ಕಲ್ಲೂ ಇರಬೇಕು. ಮಾಮು ಅವಳ ತಲೆಯ ಮೇಲೆ ಕೈಯಿಟ್ಟು, "ಮಡಕೆ ಏನಮ್ಮೀ, ನಿಂಗೆ ಝರೀನೇ ಕಟ್ಟಿಸ್ಕೊಡ್ತೀನಿ" ಎಂದ. ಅವಳು ನಂಬಿ ಸಹಿ ಹಾಕಿದಳು. ಮಕ್ಕಳು ತಲೆ ಮುಟ್ಟಿ ಹೇಳಿದ್ದನ್ನು ತಾಯಂದಿರು ನಂಬುತ್ತಾರೆ, ಅಂಥ ಮಕ್ಕಳಿಗೂ ಅದು ಚೆನ್ನಾಗಿ ಗೊತ್ತಿರುತ್ತದೆ.

ಝರಿಯನ್ನು ಕಟ್ಟಿಸಿಯೇ ಕಟ್ಟಿಸಿದ. ಕಟ್ಟಡ ಎದ್ದಾಗ ಹಣೆಯ ಮೇಲೆ ಚಿನ್ನದ ಬಣ್ಣದ ಅಕ್ಷರಗಳಲ್ಲಿ ಅದೇ ಹೆಸರು, ಸಲ್ಸಬೀಲ್. ಒಳಗೆ ಲಾಬಿಯಲ್ಲಿ ಗಾಜಿನ ಬಾಗಿಲ ಹಿಂದೆ ಕಾರಂಜಿ, ಒಮ್ಮೆ ನೀಲಿ, ಒಮ್ಮೆ ಗುಲಾಬಿ ದೀಪ. ಅದೇ ನೀರು ಪಂಪಿನಲ್ಲಿ ಮೇಲೆ ಹೋಗಿ ಅದೇ ನೀರು ಕೆಳಗೆ ಬೀಳುತ್ತಿತ್ತು, ಮಾಮುವಿನ ಮಾತಿನ ಹಾಗೆ. ಉದ್ಘಾಟನೆಯ ದಿನ ನಾನಿ ಹತ್ತಿರ ಹೋಗಿ ಬೊಗಸೆ ಒಡ್ಡಿದಳು. ಸೆಕ್ಯೂರಿಟಿಯವನು ಓಡಿ ಬಂದ. "ಅಜ್ಜಿ, ಅದು ಕುಡಿಯೋ ನೀರಲ್ಲ, ಶೋಗೆ ಇಟ್ಟಿರೋದು." ಗೇಟಿನ ಹೊರಗೆ ಕಣ್ಣಮ್ಮ ಬುಟ್ಟಿ ಹೊತ್ತು ನಿಂತೇ ಇದ್ದಳು. ಕಲ್ಲಿದ್ದ ಜಾಗದಲ್ಲಿ ಈಗ ಕಾರು ಇಳಿಯುವ ಇಳಿಜಾರು, ಕೂರಲು ಎಡೆಯೇ ಇರಲಿಲ್ಲ.

"ಬೀದಿಯೋರು ಎಲ್ಲಿ ಕುಡೀತಾರೋ?" ಎಂದು ಕೇಳಿದಳು ನಾನಿ.

"ಈಗ ಯಾರಮ್ಮೀ ಮಡಕೆ ನೀರು ಕುಡೀತಾರೆ? ಎಲ್ರ ಕೈಲೂ ಬಾಟ್ಲಿ ಇರುತ್ತೆ." ಮಾಮು ನಕ್ಕು ಅವಳ ಕೈಗೂ ಒಂದು ಬಾಟಲಿ ಕೊಟ್ಟ. ಅವಳು ಅದನ್ನು ತೆರೆಯಲಿಲ್ಲ. ಹೊರಗೆ ಬಂದು, ಕಣ್ಣಮ್ಮನ ಕೈಗಿಟ್ಟು, "ಕೂತ್ಕೊಂಡು ಕುಡಿ" ಎಂದಳು. ಕಣ್ಣಮ್ಮ ಅತ್ತ ಇತ್ತ ನೋಡಿ ರಸ್ತೆಯ ಅಂಚಿನಲ್ಲೇ ಕುಕ್ಕರುಗಾಲಲ್ಲಿ ಕೂತು ಕುಡಿದಳು. ನಾನಿ ಮತ್ತೆ ಆ ಗೇಟು ದಾಟಲಿಲ್ಲ. ನಮ್ಮ ಬಾಡಿಗೆ ಮನೆಯಲ್ಲಿ, ನನ್ನಮ್ಮನ ಮಗ್ಗುಲಲ್ಲಿ ತೀರಿಕೊಂಡಳು. ಅವಳ ಹೆಸರಿನಲ್ಲಿ ಮಾಮು ಮಸೀದಿಯ ಬಳಿ ನೀರಿನ ಬಾಟಲಿ ಹಂಚಿಸಿದ. ಬಾಟಲಿಯ ಮೇಲೆ ಅವಳ ಹೆಸರಿರಲಿಲ್ಲ, ಕಟ್ಟಡದ್ದಿತ್ತು.

ಈಗ ಸಲ್ಸಬೀಲ್ ಎಂಬ ಆ ಮಾತು ಎಲ್ಲೆಲ್ಲೂ ಕಾಣುತ್ತದೆ: ಶರಬತ್ತಿನ ಬಾಟಲಿಯ ಮೇಲೆ, ಬ್ಯೂಟಿ ಪಾರ್ಲರಿನ ಬೋರ್ಡಿನ ಮೇಲೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ಅವರು ಅರ್ಥ ತಿಳಿಯದೆ ಇಟ್ಟುಕೊಂಡಿರಬಹುದು. ಮಾಮು ತಿಳಿದೇ ಇಟ್ಟ. ಬಾಗಿಲಲ್ಲಿ ಕೂತು ನಾನಿ ಹೇಳುತ್ತಿದ್ದ ಅರ್ಥವನ್ನೇ ಫ್ಲ್ಯಾಟ್ ಮಾರುವ ಕಾಗದದ ಮೇಲೆ ಅಚ್ಚು ಹಾಕಿಸಿದ. ಹೋದ ಬೇಸಿಗೆಯಲ್ಲಿ ಆ ದಾರಿಯಾಗಿ ಹೋದೆ. ಸ್ವರ್ಗದ ಬುಗ್ಗೆಯ ಮುಂದೆ ನೀರಿನ ಟ್ಯಾಂಕರ್ ನಿಂತಿತ್ತು, ಮೆಟ್ಟಿಲ ಮೇಲೆ ಖಾಲಿ ಕ್ಯಾನ್‌ಗಳು ಸಾಲುಗಟ್ಟಿದ್ದವು. ಕಾರಂಜಿ ಒಣಗಿ ಅದರಲ್ಲಿ ಪ್ಲಾಸ್ಟಿಕ್ ಹೂಗಳನ್ನು ಇಟ್ಟಿದ್ದರು. ಮಾಮು ಮೇಲಿನ ಬಾಲ್ಕನಿಯಿಂದ ಕೈಬೀಸಿ ಕರೆದ. ನಾನು ಹೋಗಲಿಲ್ಲ.

ಬಿಸಿಲು ಜೋರಿತ್ತು. ಓಣಿಯ ಈ ತುದಿಯಿಂದ ಆ ತುದಿಯವರೆಗೆ ನಡೆದೆ. ಕೂತು ಕುಡಿಯಲು ಎಲ್ಲಿಯೂ ಒಂದು ಲೋಟ ನೀರಿಲ್ಲ.